ಹದಿನೇಳು ಎಂದವರು ಯಾರು?

ಅಧ್ಯಕ್ಷತೆ ವಹಿಸಿರುವ ನಮ್ಮ ಶಾಲೆಯ ಪ್ರಾಂಶುಪಾಲರಾದ ಶ್ರೀ ಇವಾನೊ ತೊಮಾಸಿ ಅವರೇ, ಮುಖ್ಯ ಅತಿಥಿಗಳಾಗಿ ಆಗಮಿಸಿ, ಆಗಮಿಸಿದ ಗಳಿಗೆಯಿಂದಲೂ ಗಡಿಯಾರ ನೋಡಿಕೊಳ್ಳುತ್ತಿರುವ ಪೋರ್ತೊವೆಲ್ಮದ ಮೇಯರ್ ಶ್ರೀ ವಾಲ್ತೆರ್ ಕವಲಿಯೇರಿ ಅವರೇ, ಆಲ್ಪ್ಸ್ ದಾಟಿ ಬಂದಿರುವ ನಮ್ಮ ಸೋದರ ನಗರ ಲಿಂಡೆನ್‌ಬಾಖ್‌ನ ಗೌರವಾನ್ವಿತ ಅತಿಥಿಗಳೇ, ಸಹೋದ್ಯೋಗಿಗಳೇ, ತಂದೆತಾಯಂದಿರೇ, ಹಿಂದಿನ ಸಾಲಿನಲ್ಲಿ ಕುಳಿತು ಈ ಮುದುಕಿ ಯಾವಾಗ ಮುಗಿಸುತ್ತಾಳೋ ಎಂದು ಕಾಯುತ್ತಿರುವ ಪ್ರೌಢಶಾಲೆಯ ನಾಲ್ಕನೆಯ ವರ್ಷದ ಮಕ್ಕಳೇ, ಸಮಸ್ತ ಸಭಿಕರೇ.

ಬೀಳ್ಕೊಡುಗೆಯ ಭಾಷಣದಲ್ಲಿ ಹೇಗೆ ಮಾತಾಡಬೇಕು ಎಂಬುದು ನನಗೆ ಗೊತ್ತಿದೆ. ಕಣ್ಣು ಒರೆಸಿಕೊಳ್ಳಬೇಕು, ಎಲ್ಲರಿಗೂ ಕೃತಜ್ಞತೆ ಹೇಳಬೇಕು, ಶಾಲು ಹೊದ್ದು ಕೂರಬೇಕು. ಅದಕ್ಕೆಂದೇ ಒಂದು ಭಾಷಣವನ್ನು ಬರೆದುಕೊಂಡೂ ಬಂದಿದ್ದೆ. ಆದರೆ ಈಗಷ್ಟೇ ಮೇಯರರು ಈ ಫಲಕವನ್ನು ಎತ್ತಿ ಹಿಡಿದು, ಅದರ ಮೇಲೆ ಕೆತ್ತಿದ್ದನ್ನು ಗಟ್ಟಿಯಾಗಿ ಓದಿದರು. 'ನಮ್ಮ ಮಕ್ಕಳಿಗೆ ನೋಡುವುದನ್ನು ಕಲಿಸಿದ ಗುರುವಿಗೆ.' ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನಗೆ ಮೈ ಉರಿದುಹೋಯಿತು.

ಯಾಕೆ ಉರಿಯಿತು? ಕೇಳಿ. ನಾನು ಕಲಿಸಿದ ಮಕ್ಕಳಲ್ಲಿ ನಿಜವಾಗಿ ನೋಡುವುದನ್ನು ಕಲಿತ ಒಬ್ಬ ಹುಡುಗಿ ಇದ್ದಾಳೆ. ಹೆಸರು ತೆಯಾ ಫೆಲ್ಲೆತ್ತಿ. ನೋಡಿದ ತಪ್ಪಿಗಾಗಿ ಆ ಹುಡುಗಿಯನ್ನು ನಾಳೆ ಬೆಳಿಗ್ಗೆ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಫೇಲು ಮಾಡಲಿದ್ದಾರೆ. ಗಣಿತದಲ್ಲಲ್ಲ, ಲ್ಯಾಟಿನ್‌ನಲ್ಲೂ ಅಲ್ಲ. ನಡತೆಯಲ್ಲಿ! ನಡತೆಗೆ ಆರಕ್ಕಿಂತ ಕಡಿಮೆ ಅಂಕ ಬಿದ್ದರೆ ಉಳಿದ ಪಾಠಗಳಲ್ಲಿ ಹತ್ತಕ್ಕೆ ಹತ್ತು ಬಂದರೂ ವರ್ಷ ಹೋಯಿತೆಂದೇ ಲೆಕ್ಕ. ಅವಳಿಗೆ ಐದು ಕೊಡಬೇಕೆಂದು ಪ್ರಾಂಶುಪಾಲರು ಆಗಲೇ ತೀರ್ಮಾನಿಸಿದ್ದಾರೆ. ಅಧ್ಯಾಪಕರ ಮಂಡಳಿಯಲ್ಲಿ ಕೈ ಎತ್ತುವ ಶಾಸ್ತ್ರವೊಂದು ನಮಗೆ ಬಾಕಿ ಇದೆ.

ನಮ್ಮ ಆಸ್ಟ್ರಿಯದ ಅತಿಥಿಗಳು ನಗುನಗುತ್ತ ತಲೆಯಾಡಿಸುತ್ತಿದ್ದಾರೆ. ಅವರ ಪಕ್ಕದಲ್ಲಿ ಕುಳಿತು ಅನುವಾದಿಸುತ್ತಿರುವ ತಂಗಿ, ಸದ್ಯಕ್ಕೆ ನೀನು ಇದನ್ನು ಹೊಗಳಿಕೆಯೆಂದೇ ಹೇಳಮ್ಮ. ಪಾಪ, ಅವರ ತಪ್ಪೇನೂ ಇಲ್ಲ.

ಸಭಿಕರೇ, ನಡೆದದ್ದನ್ನು ಹೇಳುತ್ತೇನೆ. ಪ್ರತಿ ವಸಂತದಲ್ಲೂ ನಮ್ಮ ಶಾಲೆ ಪ್ರವಾಸ ಹೊರಡುತ್ತದೆ. ಚಿತ್ರ, ಚರಿತ್ರೆ, ನಗರಗಳು ಎಂದು ಅರ್ಜಿಯಲ್ಲಿ ಬರೆಯುತ್ತೇವೆ. ಈ ವರ್ಷ ವಿಯೆನ್ನಾ. ಮಕ್ಕಳಿಗೆ ಚಳಿಗಾಲವಿಡೀ ಅಲ್ಲಿನ ಚಿತ್ರಗಳ ಬಗ್ಗೆ ನಾನು ಪಾಠ ಮಾಡಿದ್ದೆ. ಮ್ಯೂಸಿಯಂಗೆ ಒಂದು ಇಡೀ ದಿನ ಎಂದು ಗೊತ್ತುಮಾಡಿದ್ದೆ. ಅಷ್ಟರಲ್ಲಿ ಯಾರಿಗೋ ಹೊಳೆಯಿತು, ವಿಯೆನ್ನಾದಿಂದ ಸ್ವಲ್ಪವೇ ದೂರದಲ್ಲಿ ನಮ್ಮ ಸೋದರ ನಗರವಿದೆ! ಮಕ್ಕಳು ಅಲ್ಲಿಗೆ ಹೋಗದೆ ಬಂದರೆ ಹೇಗೆ? ಅಲ್ಲಿನ ಮೇಯರರ ಊಟ, ವಾದ್ಯವೃಂದ, ಫಲಕ ವಿನಿಮಯ. ನಮ್ಮ ಮೇಯರರೂ ಬೇರೆ ಕಾರಿನಲ್ಲಿ ಅಲ್ಲಿಗೇ ಬರುವವರು. ಹಾಗಾಗಿ ಇಡೀ ದಿನ ಹೋಗಿ ಬೆಳಗಿನ ಒಂದು ಹೊತ್ತಾಯಿತು, ಆ ಹೊತ್ತು ಹೋಗಿ ಒಂದು ಗಂಟೆಯಾಯಿತು. ನಾನು ಮ್ಯೂಸಿಯಂನ ಮೆಟ್ಟಿಲ ಮೇಲೆ ನಿಂತು ಜಗಳವಾಡಿದೆ. ಆಗ ಪ್ರಾಂಶುಪಾಲರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ:

"ಅಯ್ಯೋ ಮೇಡಂ, ಚಿತ್ರಗಳು ನಾನೂರು ವರ್ಷದಿಂದ ಅಲ್ಲೇ ಇವೆ, ಎಲ್ಲಿಗೂ ಓಡಿಹೋಗಲ್ಲ. ಊಟ ಆರಿಹೋಗುತ್ತೆ!"

ಊಟ ಆರಿಹೋಗುತ್ತದೆ. ಈ ಫಲಕದ ಮೇಲೆ ಕೆತ್ತಿಸಬೇಕಾದದ್ದು ಆ ಮಾತನ್ನು.

ಮಕ್ಕಳ ಫೋನುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು, ಒಂದು ಕೋಣೆಯಿಂದ ಇನ್ನೊಂದಕ್ಕೆ ಅಟ್ಟಿಕೊಂಡು ಹೋದೆವು. ಬಾತುಕೋಳಿಗಳನ್ನೂ ಹಾಗೆ ಅಟ್ಟುವುದಿಲ್ಲ. ಗಂಟೆ ಮುಗಿಯಿತು. ಬಸ್ಸಿನಲ್ಲಿ ಎಣಿಕೆ. ಪ್ರಾಂಶುಪಾಲರೇ ಮುಂದೆ ನಿಂತು ಎಣಿಕೆ ತೆಗೆದುಕೊಂಡರು. ನಮ್ಮ ಶಾಲೆಯ ಪದ್ಧತಿ ನಿಮಗೆಲ್ಲ ಗೊತ್ತು, ಪ್ರತಿ ಮಗುವಿಗೂ ಒಂದು ನಂಬರು, ತನ್ನ ನಂಬರನ್ನು ತಾನೇ ಕೂಗಬೇಕು. ತೆಯಾಳದು ಹದಿನೇಳು. ಹದಿನೈದು, ಹದಿನಾರು, ಹದಿನೇಳು, ಹದಿನೆಂಟು, ಎಲ್ಲವೂ ಸರಾಗವಾಗಿ ಬಂದವು. ಪ್ರಾಂಶುಪಾಲರು ತಲೆ ಎತ್ತಿಯೂ ನೋಡದೆ "ಹೊರಡಪ್ಪಾ ಹೊರಡು" ಎಂದರು. ಲಿಂಡೆನ್‌ಬಾಖ್‌ನಲ್ಲಿ ವಾದ್ಯ ಮೊಳಗಿತು, ಎಲ್ಲರೂ ಹೆಸರಿನ ಚೀಟಿ ಇಟ್ಟ ಕುರ್ಚಿಗಳಲ್ಲಿ ಕೂತರು, ಸೂಪು ಬಂತು. ಎರಡು ದೇಶಗಳ ಧ್ವಜದ ಕೆಳಗೆ ಒಂದು ಕುರ್ಚಿ ಮಾತ್ರ ಖಾಲಿ ಉಳಿಯಿತು.

ಹಾಗಾದರೆ ಬಸ್ಸಿನಲ್ಲಿ ಹದಿನೇಳು ಎಂದವರು ಯಾರು?

ಪ್ರವಾಸದಿಂದ ಬಂದಾಗಿನಿಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಇದನ್ನೇ ಕೇಳುತ್ತಿದ್ದಾರೆ. ಯಾರೂ ಬಾಯಿ ಬಿಡುತ್ತಿಲ್ಲ. ಕೂಗಿದವನ ಹೆಸರು ಸಿಗಲಿಲ್ಲವೆಂದು ಸಿಕ್ಕವಳ ತಲೆಗೆ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಇರಲಿ, ಈ ಪ್ರಶ್ನೆಯನ್ನು ನಾನು ಈ ಸಭೆಗೇ ಕೇಳುತ್ತೇನೆ. ಪೋರ್ತೊವೆಲ್ಮದಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಓದಿ, ಗೆಳೆಯ ಎಲ್ಲೋ ಸಿಗರೇಟು ಸೇದಲು ಹೋಗಿದ್ದಾನೆಂದು ಅವನ ನಂಬರನ್ನು ತಾನು ಕೂಗದವರು ಇಲ್ಲಿ ಯಾರಿದ್ದೀರಿ? ಕೈ ಎತ್ತಿ. ನೋಡಿದಿರಾ? ಒಂದು ಕೈಯೂ ಇಲ್ಲ. ಈ ಕೆಟ್ಟ ಚಾಳಿಯನ್ನು ಬಿಡಿಸಲು ನಾನು ಆಯುಷ್ಯವನ್ನೇ ಸವೆಸಿದೆ. ನಿಮ್ಮಪ್ಪಂದಿರು ಕೂಗಿದರು, ನೀವು ಕೂಗಿದಿರಿ, ಈಗ ನಿಮ್ಮ ಮಕ್ಕಳು ಕೂಗುತ್ತಾರೆ. ಸ್ನೇಹ ಎನ್ನುತ್ತೀರಿ. ಆ ಸ್ನೇಹ ನನಗೆ ತಂದ ರಕ್ತದೊತ್ತಡ ನನಗೇ ಗೊತ್ತು.

ಒಂದು ಹಳೆಯ ಕಥೆ. ನಿಮಗೆಲ್ಲ ಗೊತ್ತಿರುವುದೇ, ಯಾಕೆಂದರೆ ನಮ್ಮ ಮೇಯರರು ಪ್ರತಿ ಚುನಾವಣೆಯಲ್ಲೂ ಅದನ್ನು ಹೇಳಿಯೇ ಮತ ಕೇಳುತ್ತಾರೆ. ಹುಡುಗನಾಗಿದ್ದಾಗ ಅವರು ಮ್ಯೂನಿಕ್ ಪ್ರವಾಸದಲ್ಲಿ ಚಿತ್ರಶಾಲೆಯ ಹಿಂಬಾಗಿಲಿನಿಂದ ಜಾರಿ ಫುಟ್‌ಬಾಲ್ ಮೈದಾನ ನೋಡಲು ಹೋದರು. ಬಸ್ಸು ಅವರಿಲ್ಲದೆ ಘಾಟಿ ಹತ್ತಿತು. ಬಿಯರ್ ಸಾಗಿಸುವ ಲಾರಿಯೊಂದರಲ್ಲಿ ಕೂತು ಊರಿಗೆ ಬಂದರು. ಊರಿನವರು ಎದುರುಗೊಂಡು ಹೆಗಲ ಮೇಲೆ ಹೊತ್ತರು! ಆ ಫೋಟೊ ಇಂದಿಗೂ ಸೇತುವೆ ಪಕ್ಕದ ಕಾಫಿ ಅಂಗಡಿಯಲ್ಲಿ ನೇತಾಡುತ್ತಿದೆ. ಆಗ ನಡತೆಗೆ ಎಷ್ಟು ಅಂಕ ಬಿತ್ತು ವಾಲ್ತೆರ್? ಎಂಟು. ಹುಡುಗ ಚೂಟಿಯಾಗಿದ್ದಾನೆ ಎಂದರು.

ಮೇಯರರು ಹೇಳದೆ ಬಿಡುವ ಭಾಗವೊಂದಿದೆ. ಆ ದಿನ ಬಸ್ಸಿನಲ್ಲಿ ವಾಲ್ತೆರನ ನಂಬರಾದ ಒಂಬತ್ತನ್ನು ಬೇರೆ ಯಾರೋ ಕೂಗಿದ್ದರು. ಧ್ವನಿ ಒಡೆಯುತ್ತಿದ್ದ ವಯಸ್ಸು, ಅರ್ಧ ಗಂಡಸಿನದು, ಅರ್ಧ ಕೋಳಿಮರಿಯದು. ಅದು ಯಾರ ಧ್ವನಿಯೆಂದು ನನಗೆ ಆ ಸಂಜೆಯೇ ಗೊತ್ತಾಗಿತ್ತು. ಹುಡುಗ ಒಳ್ಳೆಯವನು, ಬಡವರ ಮನೆಯವನು, ವರ್ಷ ಹಾಳಾಗಬಾರದೆಂದು ನಾನು ಯಾರಿಗೂ ಹೇಳಲಿಲ್ಲ. ಇವತ್ತೂ ಹೆಸರು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರಾಂಶುಪಾಲರೇ, ನೀರು ಕುಡಿಯಿರಿ, ಲೋಟ ನಿಮ್ಮ ಬಲಗಡೆ ಇದೆ.

ಆದ್ದರಿಂದ ನಾನು ಕೇಳುತ್ತೇನೆ. ಚೆಂಡು ನೋಡಲು ಹೋದ ಹುಡುಗ ಊರಿನ ಹೆಮ್ಮೆ. ಚಿತ್ರ ನೋಡುತ್ತ ನಿಂತ ಹುಡುಗಿ ಊರಿಗೆ ಅವಮಾನ. ಇದು ಯಾವ ನ್ಯಾಯ?

ಏನು ನೋಡುತ್ತಿದ್ದಳು ಎಂದು ಯಾರಾದರೂ ಅವಳನ್ನು ಕೇಳಿದಿರಾ? ಕೇಳಲಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಲಿಂಡೆನ್‌ಬಾಖ್‌ನಿಂದ ರೈಲು ಹತ್ತಿ ವಿಯೆನ್ನಾಕ್ಕೆ ವಾಪಸ್ಸು ಓಡಿದವಳು ನಾನು. ದಾರಿಯುದ್ದಕ್ಕೂ ಕೆಟ್ಟದ್ದನ್ನೇ ಊಹಿಸಿಕೊಂಡೆ. ಸಿಕ್ಕರೆ ಕೆನ್ನೆಗೆ ಬಾರಿಸಬೇಕೆಂದೂ ಅಂದುಕೊಂಡೆ. ಮೂಲೆಯ ಕೋಣೆಯೊಂದರಲ್ಲಿ, ಯಾರೂ ನಿಲ್ಲದ ಒಂದು ಸಣ್ಣ ಚಿತ್ರದ ಮುಂದೆ, ಬೆಂಚಿನ ಮೇಲೆ ಕೂತಿದ್ದಳು. ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಹಾವುಮೀನಿನ ತಲೆಯನ್ನು ಹಲಗೆಗೆ ಮೊಳೆ ಹೊಡೆದು ಚರ್ಮ ಸುಲಿಯುತ್ತಿದ್ದಾಳೆ. ಅಷ್ಟೇ ಚಿತ್ರ.

ನಾನು ಹಿಂದಿನಿಂದ ಬಂದು ಗದರಿದೆ. "ಎಲ್ಲಿ ಹಾಳಾಗ್ ಹೋಗಿದ್ಯೇ? ಬಸ್ಸು ಹೋಗಿ ಯಾವ ಕಾಲ ಆಯ್ತು, ಗೊತ್ತಾ ನಿಂಗೆ?"

ಅವಳು ತಿರುಗಲೂ ಇಲ್ಲ. "ಮೇಡಂ, ಆ ಕೈ ನೋಡಿ" ಎಂದಳು. "ಹೆಬ್ಬೆರಳು ಮಡಚಿ, ಮಣಿಕಟ್ಟಲ್ಲಿ ಅದುಮಿ ಹಿಡ್ಕೊಂಡಿದಾಳೆ ನೋಡಿ. ನಮ್ಮಜ್ಜಿ ಹೀಗೇ ಹಿಡೀತಿದ್ಲು. ಅವಳು ಹೋದ್ಮೇಲೆ ಮುಖ ಜ್ಞಾಪಕ ಬರ್ತಿತ್ತು, ಕೈ ಮಾತ್ರ ಎಷ್ಟು ನೆನೆಸ್ಕೊಂಡ್ರೂ ಬರ್ತಾನೇ ಇರ್ಲಿಲ್ಲ ಮೇಡಂ. ಇಲ್ಲಿ ಸಿಕ್ತು. ಇನ್ನೊಂಚೂರು ಇರ್ಲಾ?"

ಅವಳ ಅಜ್ಜಿ ಎರ್ಮೀನಿಯಾ ಈ ಊರಿನಲ್ಲಿ ಹಾವುಮೀನು ಸುಲಿದು ವಿನೆಗರಿನಲ್ಲಿ ಹಾಕಿಡುವ ಶೆಡ್ಡಿನಲ್ಲಿ ದುಡಿದವಳು. ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಅವಳು ಸುಲಿದುಕೊಟ್ಟ ಮೀನು ತಿಂದು ಬೆಳೆದವರು. ನನ್ನ ತಾಯಿಯೂ ಅದೇ ಶೆಡ್ಡಿನಲ್ಲಿ, ಎರ್ಮೀನಿಯಾಳ ಎದುರಿಗೇ ನಿಂತು ಕೆಲಸ ಮಾಡುತ್ತಿದ್ದಳು. ಎಷ್ಟು ತೊಳೆದರೂ ಕೈಯಿಂದ ವಿನೆಗರಿನ ವಾಸನೆ ಹೋಗುತ್ತಿರಲಿಲ್ಲ. ನಾನು ಅಧ್ಯಾಪಕಿಯಾದ ಮೇಲೆ ಈ ಸಭಾಂಗಣಕ್ಕೆ ಒಂದು ಸಲವೂ ಅವಳನ್ನು... ಅದಿರಲಿ. ಅದು ಇಲ್ಲಿಗೆ ಬೇಡ.

ಎಲ್ಲಿದ್ದೆ? ಹಾಂ. ಅವಳು ಇನ್ನೊಂಚೂರು ಎಂದಳು. ಸಭಿಕರೇ, ಈ ಪ್ರವಾಸಗಳಲ್ಲಿ ನಾನು ಯುರೋಪಿನ ಎಷ್ಟು ಚಿತ್ರಶಾಲೆಗಳನ್ನು ಸುತ್ತಿದ್ದೇನೋ ಲೆಕ್ಕವಿಲ್ಲ. ಆದರೆ ಯಾವತ್ತೂ ನಾನು ನಿಲ್ಲುವುದು ಚಿತ್ರಕ್ಕೆ ಬೆನ್ನು ಹಾಕಿ, ಮಕ್ಕಳಿಗೆ ಮುಖ ಮಾಡಿ. ಬಾಯಿ ಚಿತ್ರದ ಬಗ್ಗೆ ಹೇಳುತ್ತಿರುತ್ತದೆ, ಕಣ್ಣು ತಲೆ ಎಣಿಸುತ್ತಿರುತ್ತದೆ. ಆ ದಿನ ಎಣಿಸಲು ಒಂದೇ ತಲೆ ಇತ್ತು, ಅದು ನನ್ನ ಪಕ್ಕದಲ್ಲೇ ಇತ್ತು. ನಾನೂ ಬೆಂಚಿನ ಮೇಲೆ ಕೂತೆ. ಕೈಚೀಲದಲ್ಲಿ ಫೋನು ಬಡಿದುಕೊಂಡಿತು. "ಸಿಕ್ಕಿದ್ದಾಳೆ, ಕ್ಷೇಮ" ಎಂದಷ್ಟು ಹೇಳಿ ಬಾಯಿ ಮುಚ್ಚಿಸಿದೆ. ಬಾಗಿಲು ಹಾಕುವ ಗಂಟೆ ಹೊಡೆದು ಕಾವಲಿನವರು ಎಬ್ಬಿಸುವ ತನಕ ಇಬ್ಬರೂ ಕೂತಿದ್ದೆವು.

ಅವಳ ಮೇಲಿನ ಆರೋಪದಲ್ಲಿ ಏನಿದೆ? ಇಡೀ ಗುಂಪನ್ನು ಸಂಜೆಯವರೆಗೆ ಕಾಯಿಸಿದಳು, ವಾದ್ಯದವರು ನುಡಿಸಿದ್ದನ್ನೇ ಮತ್ತೆ ಮತ್ತೆ ನುಡಿಸಬೇಕಾಯಿತು ಎಂದಿದೆ. ಯಾರು ಸ್ವಾಮಿ ಕಾಯಿಸಿದ್ದು? ಸಿಕ್ಕ ತಕ್ಷಣ ರಟ್ಟೆ ಹಿಡಿದು ಎಳೆದು ತಂದಿದ್ದರೆ ನಿಮ್ಮ ಸಿಹಿ ತಿನಿಸಿನ ಹೊತ್ತಿಗೆ ಬಂದುಬಿಡುತ್ತಿದ್ದೆವು. ಎಳೆದು ತರಲಿಲ್ಲ. ತರುವುದಿಲ್ಲ. ನಾಳೆ ಮತ್ತೆ ಅಂಥದ್ದೇ ಪ್ರಸಂಗ ಬಂದರೂ ತರುವುದಿಲ್ಲ! ಅದಕ್ಕೆ ಅಂಕ ಕಡಿಯಬೇಕಿದ್ದರೆ ನನ್ನದನ್ನು ಕಡಿಯಿರಿ. ನನ್ನ ನಡತೆಗೆ ಎಷ್ಟು ಬೇಕಾದರೂ ಹಾಕಿ, ಸೊನ್ನೆಯನ್ನೇ ಹಾಕಿ.

ಅನುವಾದಿಸುವ ತಂಗಿ, ಇದೊಂದನ್ನು ಮಾತ್ರ ಸರಿಯಾಗಿ ಹೇಳಮ್ಮ. ಲಿಂಡೆನ್‌ಬಾಖ್‌ನ ಹಿರಿಯರೇ, ನಿಮ್ಮ ಊಟವನ್ನು ಆ ಮಗು ಅವಮಾನಿಸಲಿಲ್ಲ. ನಿಮ್ಮ ದೇಶದಲ್ಲಿ ಅವಳಿಗೆ ಅವಳ ಅಜ್ಜಿಯ ಕೈ ಸಿಕ್ಕಿತು. ಸೋದರ ನಗರ ಅಂತ ಫಲಕ ಬದಲಿಸಿಕೊಳ್ಳುತ್ತೀರಲ್ಲ, ಇಷ್ಟು ವರ್ಷಗಳಲ್ಲಿ ನಮ್ಮೂರಿಗೆ ಅಲ್ಲಿಂದ ಬಂದದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ?

ಇನ್ನು ಈ ಸಮಾರಂಭ. ಬೀಳ್ಕೊಡುಗೆಯನ್ನು ಮಂಡಳಿಯ ಸಭೆಗೆ ಒಂದು ದಿನ ಮುಂಚೆ ಯಾಕೆ ಇಟ್ಟರು? ಶಾಲು ಹೊದಿಸಿ, ಫಲಕ ಕೊಟ್ಟು, ಕೇಕು ತಿನ್ನಿಸಿಬಿಟ್ಟರೆ ಮುದುಕಿ ನಾಳೆ ಮನೆಯಲ್ಲಿ ಕೂತು ಹೂಕುಂಡಕ್ಕೆ ನೀರು ಹಾಕಿಕೊಂಡಿರುತ್ತಾಳೆ ಎಂದು ತಾನೆ? ಆಗಸ್ಟ್ ಮುಗಿಯುವ ತನಕ ನಾನು ಈ ಶಾಲೆಯ ಅಧ್ಯಾಪಕಿ. ನಾಳೆ ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಇರುತ್ತೇನೆ, ತೆಯಾಳ ಪರವಾಗಿ ಕೈ ಎತ್ತುತ್ತೇನೆ. ಸಹೋದ್ಯೋಗಿಗಳೇ, ಕೈಗಳನ್ನು ಎಣಿಸಿ ನೋಡಿದ್ದೇನೆ, ನಿಮ್ಮಲ್ಲಿ ಇನ್ನೊಬ್ಬರು ನನ್ನ ಜೊತೆ ಕೈ ಎತ್ತಿದರೆ ಆ ಮಗುವಿನ ವರ್ಷ ಉಳಿಯುತ್ತದೆ. ಯಾರೆಂದು ನಾನು ಬಲ್ಲೆ, ಅವರೂ ಬಲ್ಲರು. ಈ ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಡುತ್ತಿದ್ದೇನೆ. ಅದರಲ್ಲಿ ಬರೆದದ್ದು ನಿಜವಾದ ದಿನ ಬಂದು ತೆಗೆದುಕೊಂಡು ಹೋಗುತ್ತೇನೆ.

ಹೊರಡುವ ಮುಂಚೆ ಒಂದು ಕೆಲಸ. ತಲೆ ಎಣಿಸದೆ ನಾನು ಎಲ್ಲಿಂದಲೂ ಹೊರಟವಳಲ್ಲ. ಹಿಂದಿನ ಸಾಲಿನ ಮಕ್ಕಳೇ, ಎದ್ದೇಳಿ. ನಂಬರು ಕೂಗಿ. ಗಟ್ಟಿಯಾಗಿ, ಪ್ರಾಂಶುಪಾಲರಿಗೂ ಕೇಳಬೇಕು.

ಹದಿನಾರಕ್ಕೆ ನಿಂತಿತು. ಯಾಕೆ ನಿಂತಿರಿ? ತೆಯಾ ಬಂದಿಲ್ಲ, ಅಲ್ಲವೇ? ಈ ಸಭೆಗೆ ಕಾಲಿಡಕೂಡದೆಂದು ಅವಳ ಮನೆಗೆ ಹೇಳಿ ಕಳಿಸಿದ್ದಾರೆ. ನಾನು ಪಾಠ ಹೇಳಿದ ಕೊನೆಯ ತರಗತಿಯ ಮಗು, ನನ್ನ ಬೀಳ್ಕೊಡುಗೆಗೆ ಬರುವ ಹಾಗಿಲ್ಲ.

ಬೇಡ, ನೀವು ಕೂಗಬೇಡಿ ಮಕ್ಕಳೇ. ಈ ಶಾಲೆಯಲ್ಲಿ ನಿಮಗೆ ಇನ್ನೂ ಒಂದು ವರ್ಷವಿದೆ. ಈ ಚಾಳಿಯನ್ನು ಬಿಡಿಸಲು ಹೊರಟವಳು ನಾನು, ಕೊನೆಗೆ ನನಗೇ ಅಂಟಿಸಿದಿರಿ. ತಾಳ್ಮೆಯಿಂದ ಕೇಳಿದವರಿಗೂ, ತಾಳ್ಮೆ ಇಲ್ಲದಿದ್ದರೂ ಎದ್ದು ಹೋಗದವರಿಗೂ ನನ್ನ ವಂದನೆಗಳು. ಪ್ರಾಂಶುಪಾಲರೇ, ಈ ಸಲ ಕೂಗಿದ್ದು ಯಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ತಲೆ ಎತ್ತಿ ನೋಡಿ ಸಾಕು.

ಹದಿನೇಳು!

ನಮಸ್ಕಾರ.