ಕಾರೇ ಎತ್ತಿಕೊಂಡ ಫೋನು

2009ರ ಮಾಗಿ ಚಳಿ, ಬಿಸಿಲೇರುವ ಹೊತ್ತು. ಚಿಂತಾಮಣಿಯಲ್ಲಿ ಕಾರಿಗೆ ಟೇಪು ಕೂರಿಸುವ ಅಂಗಡಿಯ ಮುಂದೆ ಮುನಿಶಾಮಪ್ಪನವರು ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲೇ ಬಾಗಿಲು ತೆರೆದಿದ್ದ ಬಾಡಿಗೆ ಕಾರಿನಲ್ಲಿ ಡ್ರೈವರ್ ಗಂಗರಾಜು, ಅಂಗಡಿಯ ನಯಾಜ್ ಕೂತಿದ್ದರು.

"ಹೆಣ್ಣು ನೋಡಕ್ಕೆ ಮೇಲೂರಿನವರ್ನ ಕರ್ಕೊಂಡು ಹೋಗ್ತಿದ್ದೆ ಕಣಪ್ಪ. ನಮ್ಮನೇವಳು ಫೋನ್ ಮಾಡಿದ್ಲು. ಈ ಕಾರೇ ಎತ್ಕೊಂತು."

"ಅದಕ್ಕೇ ಅಲ್ವೇನಣ್ಣ ಈ ಬ್ಲೂಟೂತ್ ಸೆಟ್ಟು ಹಾಕ್ಸಿದ್ದು?"

"'ಆ ಮೊದ್ದು ಹುಡುಗನಿಗೆ ಇನ್ನೂ ಎಷ್ಟು ಹೆಣ್ಣು ತೋರಿಸ್ತಾರಂತೆ' ಅಂದ್ಲು. ನಾಲ್ಕೂ ಸ್ಪೀಕರಲ್ಲಿ ಬಂತು. ಹುಡುಗ ನನ್ನ ಪಕ್ಕದಲ್ಲೇ ಕೂತಿದ್ದ."

"ಸೆಟ್ಟೇ ಬಿಚ್ಚಿಬಿಡ್ಲಾ?"

"ಬ್ಯಾಡ. ನಾಳೆ ಮತ್ತೆ ಅವ್ರೇ ಕರೆದವ್ರೆ, ದಾರೀಲಿ ಹಾಡು ಕೇಳ್ತಾರೆ. ಇನ್ನೊಂದ್ಸಲ ಹಿಂಗಾದ್ರೆ ಅವ್ರ ಬಾಡಿಗೆ ಕೈ ಬಿಟ್ಟಂಗೇ. ಮಾತು ಫೋನಿಗೆ ಬರೋ ಗುಂಡಿ ತೋರ್ಸು. ಕಲೀದೆ ಏಳಲ್ಲ ನಾನು."

"ಇದನ್ನ ಒತ್ತಿ ಹಿಡ್ಕಳಣ್ಣ. ಬಿಡಬ್ಯಾಡ. ನೋಡು, ಬಿಟ್ಟೆ."

ಆರು ಸಲ ತಪ್ಪಿತು. ಪ್ರತಿ ಸಲವೂ ಗಂಗರಾಜು ಹೆಂಡತಿಗೇ ಫೋನ್ ಮಾಡುತ್ತಿದ್ದ. ಆಕೆಯ ಬೈಗುಳ ಬೀದಿಗೆಲ್ಲ ಕೇಳುತ್ತಿತ್ತು. ಏಳನೆಯ ಸಲ ಕಾರು ಸುಮ್ಮನಾಯಿತು. ಫೋನನ್ನು ಕಿವಿಗೆ ಒತ್ತಿಕೊಂಡ ಗಂಗರಾಜು ಕೇಳುತ್ತ ಕೇಳುತ್ತ ನಕ್ಕ.

"ಅತ್ತಿಗೆ ಏನಂದ್ರಣ್ಣ?"

"ನಿಂಗೆ ಹೇಳಕ್ಕಾ ಇಷ್ಟೊತ್ತು ಕಲ್ತಿದ್ದು?"

ಮುನಿಶಾಮಪ್ಪನವರ ಬಸ್ಸು ಬರುವ ಮೊದಲೇ ಗಂಗರಾಜು ಹೊರಟುಹೋದ.