ಕಾಲು ಬೇಕಿಲ್ಲ

ಫೋಟೋ ತೆಗೆಯುವ ಮೊದಲು ಗುರಣ್ಣ ಒಂದು ಮಾತು ಕೇಳುತ್ತಾನೆ. "ತೆಗೀಲಾ?" ಅಂತ. ಮನುಷ್ಯರನ್ನು ಮಾತ್ರ ಅಲ್ಲ. ಗೋಡೆ ಮೇಲೆ ಕೂತ ಬೆಕ್ಕನ್ನೂ ಕೇಳುತ್ತಾನೆ. ಬೆಸೆಂಟ್ ನಗರದ ಬೀಚಿನಲ್ಲಿ ಮಗುಚಿ ಹಾಕಿದ ದೋಣಿಯನ್ನೂ ಕೇಳುತ್ತಾನೆ. ಕೇಳಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಕ್ಲಿಕ್. ಮನುಷ್ಯರಾದರೆ ಪ್ರಿಂಟ್ ಹಾಕಿಸಿ, ಹುಡುಕಿಕೊಂಡು ಹೋಗಿ ಕೊಟ್ಟು ಬರುತ್ತಾನೆ. ಹೂ ಮಾರುವವಳಾಗಲಿ, ಆಟೋದವನಾಗಲಿ, ಇಲ್ಲಿಯವರೆಗೆ ಒಬ್ಬರದನ್ನೂ ತಪ್ಪಿಸಿರಲಿಲ್ಲ.

ಗುರಣ್ಣ ಅಂದರೆ ಗುರುಚರಣ, ನಮ್ಮ ದೊಡ್ಡಮ್ಮನ ಮಗ. ಕ್ರೋಂಪೇಟೆಯಲ್ಲಿ ನಮ್ಮದು ಒಂದೇ ಕಟ್ಟಡ. ನಾವು ಮೊದಲನೇ ಮಹಡಿ, ಅವರು ಎರಡನೇದು. ನಾನು ಹೇಳುತ್ತಿರುವುದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಮೆಟ್ಟಿಲ ಮೇಲೆ ನಡೆದದ್ದು.

ಹೋದ ವಾರ ಗುರುವಾರ. ಗುರಣ್ಣ ರಾತ್ರಿ ಲೋಕಲ್ ರೈಲು ಇಳಿದಾಗ ಹನ್ನೊಂದು ದಾಟಿತ್ತಂತೆ. ಶನಿವಾರಕ್ಕೆ ಇನ್ನೂ ಒಳ್ಳೆಯ ಫೋಟೋ ಸಿಕ್ಕಿರಲಿಲ್ಲ. ಅದಕ್ಕೇ ಮುಖ್ಯ ರಸ್ತೆ ಬಿಟ್ಟು, ಚರ್ಮ ಹದ ಮಾಡುತ್ತಿದ್ದ ಹಳೇ ಕಾರ್ಖಾನೆಯ ಪಕ್ಕದ ದಾರಿ ಹಿಡಿದ. ಅದು ಮುಚ್ಚಿ ಎಷ್ಟೋ ವರ್ಷ. ಸೊಂಟದೆತ್ತರ ಕಾಂಪೌಂಡು ಉಳಿದಿದೆ, ಗೇಟು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಒಳಗೆ ಒಂದು ಬಾವಿ. ಬಾವಿಯ ಮೇಲೆ ಕಬ್ಬಿಣದ ಗ್ರಿಲ್, ಅದಕ್ಕೊಂದು ಬೀಗ. ರಸ್ತೆಯ ದೀಪ ಸರಿಯಾಗಿ ಅಲ್ಲೇ ಬೀಳುತ್ತದೆ.

ಬಾವಿಯ ಪಕ್ಕದ ಸಿಮೆಂಟ್ ನೆಲದ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಮೇಲಿರಬೇಕು. ಕಂದು ಸೀರೆ. ನೇರವಾಗಿ ನಿಂತಿದ್ದಳು… ಸ್ಟುಡಿಯೋದಲ್ಲಿ ನಿಲ್ಲುತ್ತಾರಲ್ಲ, ಹಾಗೆ.

ಗುರಣ್ಣ ಇಲ್ಲಿನ ಭಾಷೆ ತಮಿಳಿನಲ್ಲಿ ಕೇಳಿದ, ತೆಗೀಲಾ ಅಂತ.

ಆಕೆ ಕನ್ನಡದಲ್ಲಿ ಹೇಳಿದಳು. "ಪೂರ್ತಿ ತೆಗಿಯಪ್ಪ. ಕಾಲೂ ಬರ್ಲಿ."

"ಕನ್ನಡದೋರಾ ನೀವು?"

ಆಕೆ ಸೀರೆಯನ್ನು ಒಂದು ಚೂರು ಎತ್ತಿ ಹಿಡಿದಳು. "ಹೊಸ ಕಾಲುಂಗುರ," ಅಂದಳು.

ಪೂರ್ತಿ ತೆಗೆದ. ತಲೆಯಿಂದ ಕಾಲಿನವರೆಗೆ, ಕಾಲ ಕೆಳಗೆ ಒಂದಿಷ್ಟು ನೆಲವೂ ಬರುವ ಹಾಗೆ. ಪ್ರಿಂಟ್ ತಂದುಕೊಡುತ್ತೇನೆ ಎಂದ. "ಇಲ್ಲೇ ಇರ್ತೀನಿ," ಅಂದಳಂತೆ. ಅವನು ತಿರುಗಿ ಹೊರಟಾಗ ಹಿಂದೆ ಒಂದೇ ಒಂದು ಸದ್ದು. ಟಿಣ್. ಬೆಳ್ಳಿ ಸಿಮೆಂಟಿಗೆ ತಾಗಿದ್ದು.

ಶನಿವಾರದ ವಿಷಯ ಹೇಳಬೇಕು. ನಮ್ಮದೊಂದು ವಾಟ್ಸಾಪ್ ಗುಂಪಿದೆ. ಇಪ್ಪತ್ತಮೂರು ಜನ, ಎಲ್ಲರೂ ಹವ್ಯಾಸಕ್ಕೆ ಫೋಟೋ ತೆಗೆಯುವವರು. ಪ್ರತಿ ಶನಿವಾರ ರಾತ್ರಿ ಒಬ್ಬೊಬ್ಬರು ತಮಗೆ ತುಂಬ ಇಷ್ಟವಾದ ಒಂದು ಫೋಟೋ ಹಾಕಬೇಕು. ಉಳಿದವರು ಒಂದು ಮೆಚ್ಚುಗೆ, ಒಂದು ತಪ್ಪು ಹೇಳಬೇಕು. ತಿದ್ದಿ ಮತ್ತೆ ಹಾಕಿದರೆ ಹಳೇದನ್ನು ಎಲ್ಲರ ಫೋನಿನಿಂದಲೂ ಅಳಿಸಬೇಕು. ಒಬ್ಬರಿಗೆ ಒಂದೇ ಫೋಟೋ. ಇದು ತಿರುಮಲ ಅಂಕಲ್ ಮಾಡಿದ ನಿಯಮ. ಗುಂಪು ಅವರದು, ರಿಟೈರ್ ಆದ ಮೇಲೆ ಶುರು ಮಾಡಿದ್ದು. ಮಾತೆಲ್ಲ ಇಂಗ್ಲಿಷ್, ತಮಿಳು. ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ನನ್ನನ್ನು ಸೇರಿಸಿದ್ದು ಗುರಣ್ಣ. ಆರು ತಿಂಗಳಾಗಿತ್ತು, ನಾನು ಅಲ್ಲಿ ಒಂದು ಅಕ್ಷರ ಬರೆದಿರಲಿಲ್ಲ. ಹೆಬ್ಬೆರಳು ಮಾತ್ರ ಒತ್ತುತ್ತಿದ್ದೆ. "ಸುಮಿ, ಮೌನಗೌರಿ, ಇಷ್ಟೆಲ್ಲ ನೋಡ್ತೀಯ, ಒಂದು ಸಾಲು ಹೇಳೇ," ಎಂದು ಅವನು ವಾರವಾರವೂ ರೇಗಿಸುತ್ತಿದ್ದ.

ಆ ಶನಿವಾರ ಅವನು ಬಾವಿಯ ಹೆಂಗಸನ್ನು ಹಾಕಿದ. ಆ ಮುಖ… ಏನೋ ಕಾಯುತ್ತಿರುವ ಮುಖ.

ಸೌಕಾರ್‌ಪೇಟೆಯಲ್ಲಿ ಹೋಟೆಲ್ ಇಟ್ಟಿರುವ ವಿಠ್ಠಲ ಮಾಮ ಮೊದಲು ಬರೆದರು. "ಬೆಳಕು ಬೊಂಬಾಟ್. ತಪ್ಪು ಹುಡುಕಕ್ಕೆ ಟೈಮಿಲ್ಲ, ಇಲ್ಲಿ ಹನ್ನೆರಡು ಟೇಬಲ್ ದೋಸೆ ಕೇಳ್ತಿದೆ."

ತಿರುಮಲ ಅಂಕಲ್: "ಮುಖ ಚೆನ್ನಾಗಿದೆ. ಕೆಳಗೆ ಬರೀ ನೆಲ. ಖಾಲಿ ಜಾಗ. ಕಣ್ಣು ಜಾರಿ ಅಲ್ಲಿಗೇ ಹೋಗುತ್ತೆ."

ನನಗೂ ಹಾಗೇ ಅನಿಸಿತ್ತು. ಯಾಕೋ ಆ ಹೊತ್ತು ಧೈರ್ಯ ಬಂತು. ಮೂರು ಸಲ ಬರೆದು ಮೂರು ಸಲ ಅಳಿಸಿ, ನಾಲ್ಕನೇ ಸಲ ಕಳಿಸಿಬಿಟ್ಟೆ. "ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿದರೆ ಮುಖಕ್ಕೆ ಬಲ ಬರುತ್ತೆ. ಕಾಲು ಬೇಕಿಲ್ಲ."

ಹತ್ತು ನಿಮಿಷದಲ್ಲಿ ಗುರಣ್ಣ ಹಾಗೇ ಕತ್ತರಿಸಿ ಹಾಕಿದ. ಹಳೇದನ್ನು ಅಳಿಸಿದ. ಎಲ್ಲರೂ ಹೃದಯ ಒತ್ತಿದರು. ತಿರುಮಲ ಅಂಕಲ್ ನನ್ನ ಹೆಸರು ಹಿಡಿದು ಶಹಬ್ಬಾಸ್ ಅಂದರು. ಖುಷಿಯಲ್ಲಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಕೇಳಿಸಿತು.

ಒಂದೂವರೆ ಇರಬೇಕು. ಕೆಳಗಿನ ಮೆಟ್ಟಿಲಿನಿಂದ. ಚಪ್… ಚಪ್… ಒದ್ದೆ ಕಾಲು. ಪ್ರತಿ ಹೆಜ್ಜೆಗೂ ಸಣ್ಣಗೆ, ಟಿಣ್. ಅಮ್ಮ ಬರಿಗಾಲಲ್ಲಿ ಮೆಟ್ಟಿಲಿಳಿದರೆ ಇದೇ ಸದ್ದು. ಆದರೆ ಅಮ್ಮ ನನ್ನ ಪಕ್ಕದಲ್ಲೇ ಮಲಗಿದ್ದಳು. ದೊಡ್ಡಮ್ಮ ಇರಬೇಕು, ಮೋಟರ್ ಹಾಕಲು ಹೋಗಿ ಬರುತ್ತಿದ್ದಾಳೆ ಎಂದುಕೊಂಡು ಮಗ್ಗುಲಾದೆ. ಹೆಜ್ಜೆ ನಮ್ಮ ಬಾಗಿಲು ದಾಟಿ ಮೇಲೆ ಹೋಯಿತು.

ಆಮೇಲೆ ನೆನಪಾಯಿತು… ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮನ ಕಾಲಲ್ಲಿ ಉಂಗುರ ಇಲ್ಲ.

ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಒದ್ದೆ ಗುರುತು. ಎರಡು ಕಾಲು. ಹತ್ತಿದ್ದು ಮಾತ್ರ ಇತ್ತು, ಇಳಿದದ್ದು ಇರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಸೋಮವಾರ ಗುರಣ್ಣ ಆಫೀಸಿಗೆ ಹೋಗಲಿಲ್ಲ. ಎರಡೂ ಕಾಲು ಜೋಮು. "ರಾತ್ರಿಯೆಲ್ಲ ಆ ಲ್ಯಾಪ್‌ಟಾಪ್ ಮುಂದೆ ಕುಕ್ಕರಿಸಿದ್ರೆ ಇನ್ನೇನಾಗುತ್ತೋ?" ಎಂದು ಬೈಯುತ್ತಲೇ ದೊಡ್ಡಮ್ಮ ಎಣ್ಣೆ ತಿಕ್ಕಿದಳು. ಮಂಗಳವಾರ ಚಿವುಟಿದರೂ ಗೊತ್ತಾಗಲಿಲ್ಲ. ಬುಧವಾರ ಡಾಕ್ಟರ್. ರಕ್ತ, ನರ, ಸ್ಕ್ಯಾನ್, ಎಲ್ಲ ಸರಿಯಾಗಿದೆ ಅಂದರು. ಆದರೆ ಒಂದು ಗೆರೆ ಇತ್ತು. ಸ್ಕೇಲ್ ಇಟ್ಟು ಎಳೆದ ಹಾಗೆ. ಗೆರೆಗಿಂತ ಮೇಲೆ ಮುಟ್ಟಿದರೆ ಗೊತ್ತಾಗುತ್ತದೆ, ಕೆಳಗೆ ಮುಟ್ಟಿದರೆ ಏನೂ ಇಲ್ಲ. ದೊಡ್ಡಮ್ಮ ಬೆರಳಿಟ್ಟು ತೋರಿಸಿದಳು.

ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ.

ಗುರುವಾರ ಸಂಜೆ ಗುರಣ್ಣ ನನ್ನನ್ನು ಕರೆದ. ದಿಂಬಿನ ಕೆಳಗಿನಿಂದ ಒಂದು ಕವರ್ ತೆಗೆದ. ಪ್ರಿಂಟ್. ಕತ್ತರಿಸಿದ ಫೋಟೋದ್ದು.

"ಕೊಟ್ಟು ಬರೋಣ ಬಾ," ಎಂದ.

"ಈ ಕಾಲಲ್ಲಾ?"

"ರಾತ್ರಿ ಬರುತ್ತೆ ಸುಮಿ. ಮಂಚದ ಪಕ್ಕ ನಿಲ್ಲುತ್ತೆ. ಲೈಟ್ ಹಾಕಿದ್ರೆ ನೆಲ ಒದ್ದೆ ಇರುತ್ತೆ, ಅಷ್ಟೇ." ದೊಡ್ಡಮ್ಮನಿಗೆ ಕೇಳಿಸದಂತೆ ಪಿಸುಗುಟ್ಟಿದ. "ನೀನೂ ಕೇಳಿದೀಯ ಅಲ್ವಾ?"

ನಾನು ತಲೆಯಾಡಿಸಿದೆ.

ದೊಡ್ಡಮ್ಮ ಮಲಗಿದ ಮೇಲೆ ಹೊರಟೆವು. ಆಟೋವನ್ನು ತಿರುವಿನಲ್ಲಿ ನಿಲ್ಲಿಸಿದೆವು. ಅವನು ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲೆ ಇಟ್ಟು ಕಾಲೆಳೆದುಕೊಂಡು ಬಂದ. ಚಪ್ಪಲಿ ಸರ್… ಸರ್… ಎಂದು ಮಣ್ಣಿನಲ್ಲಿ ಗೀರುತ್ತಿತ್ತು.

ಆಕೆ ಕಾಂಪೌಂಡಿನ ಆಚೆ ಬದಿ ನಿಂತಿದ್ದಳು. ಸೊಂಟದಿಂದ ಮೇಲೆ ಕಾಣುತ್ತಿತ್ತು. ಕೈ ಚಾಚಿದಳು. ಗುರಣ್ಣ ಪ್ರಿಂಟ್ ಕೊಟ್ಟ.

ತನ್ನ ಮುಖ ನೋಡಲಿಲ್ಲ ಆಕೆ. ಫೋಟೋದ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದಳು. ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ತಿರುಗಿಸಿದಳು.

"ಕಾಲೆಲ್ಲಿ?"

ಗುರಣ್ಣ ಪ್ರಿಂಟಿನ ಕಡೆ ನೋಡಿದ.

"ಪೂರ್ತಿ ತೆಗಿ ಅಂದಿದ್ದೆನಲ್ಲಪ್ಪ."

"ತೆಗ್ದಿದ್ದೆ… ತೆಗ್ದಿದ್ದೆ ಅಮ್ಮ."

"ಮತ್ತೆ?"

ನಾನು ಯಾರ ಎದುರಿಗೂ ತಲೆ ತಗ್ಗಿಸಿ ನಿಲ್ಲುವವಳು. ಅದಕ್ಕೇ ಕಂಡಿತು. ಗೋಡೆಯ ಬುಡದಲ್ಲಿ ನೀರು ಹೋಗಲು ಬಿಟ್ಟ ಅಗಲವಾದ ಕಿಂಡಿ ಇತ್ತು. ಅದರಲ್ಲಿ ಆಚೆ ಬದಿಯ ಸಿಮೆಂಟ್ ನೆಲ ಕಾಣುತ್ತಿತ್ತು, ದೀಪದ ಬೆಳಕು ಬಿದ್ದದ್ದು. ಸರಿಯಾಗಿ ಆಕೆ ನಿಂತ ಜಾಗ. ಅಲ್ಲಿ ನೆಲ ಮಾತ್ರ ಇತ್ತು.

ನಾನು ಗುರಣ್ಣನ ತೋಳು ಹಿಡಿದುಕೊಂಡೆ. ಅವನು ಹೇಳುತ್ತಿದ್ದ. "ಶನಿವಾರ. ಶನಿವಾರ ಪೂರ್ತಿ ತಂದುಕೊಡ್ತೀನಿ."

ಆಕೆ ಪ್ರಿಂಟನ್ನು ಗೋಡೆಯ ಮೇಲೆ ಇಟ್ಟಳು, ವಾಪಸ್ ಕೊಡುವವಳ ಹಾಗೆ. "ಆಗ್ಲಿ," ಅಂದಳು.

ಮನೆಗೆ ಬಂದು, ಲ್ಯಾಪ್‌ಟಾಪ್ ತೆಗೆದ ಮೇಲೆ ಕೇಳಿದೆ. "ಆಕೆ ಕಾಲು ಬರ್ಲಿ ಅಂದಿದ್ಲು ಅಂತ ಆವತ್ತೇ ಯಾಕೆ ಹೇಳ್ಲಿಲ್ಲ ಗುರಣ್ಣ? ನಾನು ಹಾಗೆ ಬರೀತಾನೇ ಇರ್ಲಿಲ್ಲ."

"ನೀನು ಮೊದಲನೇ ಸಲ ಬಾಯಿ ಬಿಟ್ಟಿದ್ದೆ. ಎಲ್ಲರ ಮುಂದೆ ಹೇಗೆ ಬೇಡ ಅನ್ಲಿ?"

ಅಷ್ಟೇ. ನನ್ನ ಮೇಲಿನ ಪ್ರೀತಿಗೆ ಕತ್ತರಿಸಿದ್ದು.

ಪೂರ್ತಿ ಫೋಟೋ ಸಿಗಲಿಲ್ಲ. ಗುರಣ್ಣ ತುಂಬ ಅಚ್ಚುಕಟ್ಟು. ಕತ್ತರಿಸಿದ್ದನ್ನು ಹಳೇದರ ಮೇಲೇ ಸೇವ್ ಮಾಡಿದ್ದ, ಎರಡೆರಡು ಯಾಕೆ ಅಂತ. ಕ್ಯಾಮೆರಾದ ಕಾರ್ಡನ್ನು ಭಾನುವಾರ ಬೆಳಿಗ್ಗೆಯೇ ಪೂರ್ತಿ ಅಳಿಸಿ ಇಟ್ಟಿದ್ದ, ವಾರವಾರವೂ ಮಾಡುವ ಹಾಗೆ. ಗುಂಪಿನಲ್ಲಿ ಹಾಕಿದ್ದನ್ನು ನಿಯಮದಂತೆ ಎಲ್ಲರಿಂದ ಅಳಿಸಿದ್ದ. ನಾವು ಶುಕ್ರವಾರ ಇಡೀ ಹುಡುಕಿದೆವು. ಕಳೆದುಹೋದ ಫೈಲು ತೆಗೆದುಕೊಡುವ ಅಂಗಡಿಗೂ ಕಾರ್ಡ್ ಒಯ್ದೆ. ಹಳೇ ಫೋಟೋ ಮುನ್ನೂರು ಸಿಕ್ಕವು. ಬೆಕ್ಕು, ದೋಣಿ, ದೊಡ್ಡಮ್ಮ ಹಪ್ಪಳ ಒಣಗಿಸುವುದು. ಅದೊಂದು ಇರಲಿಲ್ಲ.

ಉಳಿದದ್ದು ಒಂದೇ. ಗುಂಪಿನಲ್ಲಿ ಯಾರಾದರೂ, ಆ ಹತ್ತು ನಿಮಿಷದಲ್ಲಿ, ಚೆನ್ನಾಗಿದೆ ಅಂತ ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ…

ಇವತ್ತು ಶನಿವಾರ. ಬೆಳಿಗ್ಗೆ ಆ ಗೆರೆ ತೊಡೆಯ ಅರ್ಧಕ್ಕೆ ಬಂದಿತ್ತು. ಸಂಜೆ ಸೊಂಟಕ್ಕೆ. ದೊಡ್ಡಮ್ಮ ರಾಯರ ಫೋಟೋದ ಮುಂದೆ ಕೂತವಳು ಎದ್ದಿಲ್ಲ. ರಾತ್ರಿ ಎಂಟಕ್ಕೆ ನಾನು ಗುಂಪಿನಲ್ಲಿ ಬರೆದೆ. ಈ ಸಲ ಅಳಿಸಲಿಲ್ಲ. ಹೋದ ಶನಿವಾರ ಗುರುಚರಣ ಮೊದಲು ಹಾಕಿದ ಪೂರ್ತಿ ಫೋಟೋ ಯಾರ ಹತ್ತಿರವಾದರೂ ಇದೆಯಾ, ತುಂಬ ಅರ್ಜೆಂಟ್ ಎಂದು.

ಅದರ ಕೆಳಗೆ ಒಬ್ಬರು ಬೀಚಿನ ಸೂರ್ಯೋದಯ ಹಾಕಿದರು. ವಿಠ್ಠಲ ಮಾಮ ಕಾಫಿಯ ಹಬೆ ಹಾಕಿದರು. ತಿರುಮಲ ಅಂಕಲ್ ಹಬೆಗೆ ಹಿನ್ನೆಲೆ ಇನ್ನೂ ಕಪ್ಪಿರಬೇಕಿತ್ತು ಅಂದರು. ಯಾರೋ ನಕ್ಕರು. ನನ್ನ ಸಾಲು ಮೇಲೆ ಮೇಲೆ ಸರಿದು ಹೋಯಿತು. ತಿರುಮಲ ಅಂಕಲ್‌ಗೆ, ವಿಠ್ಠಲ ಮಾಮನಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ.

ಈಗ ಒಂದೂಕಾಲು. ನಂಬದಿದ್ದರೆ ಬೇಡ. ಆ ಬಾವಿ ಇದೆ, ಗ್ರಿಲ್ ಇದೆ, ಬೀಗ ಇದೆ. ಬೀಗಕ್ಕೆ ಹಿಡಿದ ತುಕ್ಕು ನೋಡಿದರೆ ಅದನ್ನು ಯಾರೂ ತೆಗೆದಿಲ್ಲ ಎಂದು ನಿಮಗೇ ಗೊತ್ತಾಗುತ್ತದೆ. ನಾನು ಕಿವಿಯಲ್ಲಿ ಕೇಳಿದ್ದನ್ನು, ಕಣ್ಣಲ್ಲಿ ಕಂಡದ್ದನ್ನು ಬರೆದಿದ್ದೇನೆ. ಒಂದು ಮಾತೂ ಸೇರಿಸಿಲ್ಲ.

ನಮ್ಮ ಮಹಡಿಗೆ ಹದಿನೆಂಟು ಮೆಟ್ಟಿಲು. ಈ ಎಂಟು ದಿನದಲ್ಲಿ ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. ಹದಿನೆಂಟು ಆದ ಮೇಲೆ ಮೂರು ಹೆಜ್ಜೆ, ಆಮೇಲೆ ಮತ್ತೆ ಹದಿನೆಂಟು, ಗುರಣ್ಣನ ಮನೆ.

ಚಪ್. ಟಿಣ್. ಚಪ್. ಟಿಣ್.

ಹದಿನಾರು… ಹದಿನೇಳು… ಹದಿನೆಂಟು.

ಒಂದು ಹೆಜ್ಜೆ.

ಮುಂದಕ್ಕೆ ಹೋಗಲಿಲ್ಲ. ನಮ್ಮ ಬಾಗಿಲ ಕೆಳಗಿನ ಸಂದಿಯಿಂದ ನೀರು ಸಣ್ಣಗೆ ಒಳಗೆ ಬರುತ್ತಿದೆ. ಅಮ್ಮ ನಿದ್ದೆಯಲ್ಲಿದ್ದಾಳೆ. ನಾನು ಫೋನ್ ತೆಗೆದು, ಗುಂಪಿನಲ್ಲಿ ಇನ್ನೊಂದು ಸಾಲು ಹಾಕಿದ್ದೇನೆ. ಇಪ್ಪತ್ತೆರಡು ಜನವೂ ಓದಿದ್ದಾರೆ, ನೀಲಿ ಟಿಕ್ ಬಂದಿದೆ.

"ದಯವಿಟ್ಟು ಯಾರಾದರೂ ಪೂರ್ತಿ ಫೋಟೋ ಕಳಿಸಿ. ಕಾಲು ಬೇಕು."