ದೋಣಿ ಮೋಟಾರಿನ ಉಚ್ಚಿ

…ಅಲ್ಲ, ಮಲ್ಲಪ್ಪ ಟ್ರ್ಯಾಕ್ಟರ್ ತಂದದ್ದಕ್ಕ ನಂಗೇನೂ ಹೊಟ್ಟಿಕಿಚ್ಚು ಇರ್ಲಿಲ್ಲ. ಇತ್ತು. ಇತ್ತು ಅಂತಲೇ ತಿಳಕೋರಿ, ಮೊಮ್ಮಕ್ಕಳು ನೀವು, ನಿಮ್ಮ ಮುಂದ ಯಾಕ ಸುಳ್ಳ ಹೇಳ್ಲಿ. ಮಲ್ಲಪ್ಪ ಅಂದ್ರ ನಿಮ್ಮ ಆಯಿ ತಂಗಿ ಗಂಡ, ನನ್ನ ಷಡ್ಡಕ. ಅಕ್ಕ-ತಂಗಿ ಇಬ್ಬರನೂ ಒಂದೇ ಊರಿಗೆ ಕೊಟ್ಟಿದ್ರು ನೋಡ್ರಿ, ಅಲ್ಲೇ ತಪ್ಪಾತು. ಅವಂದು ಪಂಪ್‌ಸೆಟ್ ರಿಪೇರಿ, ನಂದು ದೋಣಿ. ಈಗ ಬ್ರಿಜ್ ಆಗ್ಯಾದ, ಆವಾಗ ಹೊಳಿ ನಡುವಿನ ಗಡ್ಡಿ ಮಂದಿ ದವಾಖಾನಿಗೆ, ಸುರಪುರ ಸಂತಿಗೆ ಬರಬೇಕಂದ್ರ ನಾನೇ ದಾಟಸ್ಬೇಕು. ಊರ ಮಂದಿ ಕೂಡಿ ತಂದ ಹಳೀ ಮೋಟಾರು ಅದು, ದೋಣಿ ಹಿಂದ ಸಿಗಸೂದು, ಹಗ್ಗ ಜಗ್ಗಿದ್ರ ಚಾಲೂ. ಅದರ ಹಿಡಿಕಿ ನನ್ನ ಕೈಯಾಗ ಇತ್ತಂತ ಊರಾಗ ನಂಗೊಂದು ಮಾನ ಇತ್ತು. ಮನ್ಯಾಗ? ಮನ್ಯಾಗ ಬರೇ ಮಲ್ಲಪ್ಪ! "ಮಲ್ಲಪ್ಪ ಮಿಕ್ಸರ್ ಸರಿ ಮಾಡ್ದ, ಮಲ್ಲಪ್ಪ ನಳ ಸರಿ ಮಾಡ್ದ." ಉಣ್ಣಾಕ ಕುಂತ್ರ ರೊಟ್ಟಿ ಜೋಡಿ ಮಲ್ಲಪ್ಪನ್ನೂ ನುಂಗಬೇಕು.

ಆ ವರ್ಷ ಖಂಡೇ ಪೂಜಿ, ಅದೇ ಆಯುಧ ಪೂಜಿ ದಿನ ಮೋಟಾರು ದೋಣಿಂದ ಬಿಚ್ಚಿ, ತೊಳದು, ಅಂಗಳದಾಗ ಕಟಗಿ ಸ್ಟ್ಯಾಂಡಿಗೆ ಸಿಗಿಸಿ, ಚೆಂಡು ಹೂವಿನ ಮಾಲಿ ಹಾಕಿದ್ದೆ. ಅಷ್ಟ್ರಾಗ ಬಂತು ನೋಡ್ರಿ ಟ್ರ್ಯಾಕ್ಟರ್, ಹೊಸಾದು, ಕೆಂಪಂದು, ಡರ್ ಡರ್ ಅಂತ. ನಿಮ್ಮ ಆಯಿ ನನ್ನ ಮೋಟಾರಿಗೆ ಬೆಳಗಾಕ ಹಿಡಿದಿದ್ಲಲ್ಲ ಆರತಿ, ಅದೇ ಆರತಿ ತಗೊಂಡು ಆ ಕಡಿ ಓಡಿದ್ಲು. "ಎಂಥಾ ಛಂದ ಗಾಡಿ ತಂದ್ಯೋ ಮಲ್ಲಪ್ಪಾ!" ನನ್ನ ಕಡಿ ಒಂದು ನಾಯಿ ಸೈತ ನೋಡವಲ್ದು. ಉರೀತು ನಂಗ. ಹಗ್ಗ ಜಗ್ಗಿದೆ. ಭರ್ರ್ ಅಂತು, ಎಲ್ಲಾರೂ ತಿರುಗಿ ನೋಡಿದ್ರು. ಇನ್ನಷ್ಟು ಏರಿಸಿದೆ. ಮಲ್ಲಪ್ಪ ಟ್ರ್ಯಾಕ್ಟರ್ ಮ್ಯಾಲ ನಿಂತು ಎರಡೂ ಕೈ ಬೀಸಿ ಏನೋ ಒದರಾಕತ್ತಿದ್ದ, ಸಪ್ಪಳದಾಗ ಕೇಳಸ್ಲಿಲ್ಲ. ಒದರು ಮಗನ, ಈಗ ನಿಂಗ ಉರೀಲಿ ಅಂತ ಮತ್ತಷ್ಟು ಹೊತ್ತು ಓಡಿಸಿದೆ.

ಮರುದಿನ ಹೊಳಿಗಿಳಿಸಿದ್ರ… ತಡೀರಿ, ಅದು ಹೇಳಬೇಕು. ಆ ಮೋಟಾರು ಹೊಳಿ ನೀರು ತಾನೇ ಕುಡದು ಮೈ ತಣ್ಣಗ ಮಾಡ್ಕೊಂತದ, ಕುಡದದ್ದು ಬಾಜೂಕ ಒಂದು ಸಣ್ಣ ತೂತಿನಿಂದ ಚರ್ರ್ ಅಂತ ಹೊರಗ ಬೀಳ್ತದ. ನಾವು ಅದಕ್ಕ ಉಚ್ಚಿ ಅಂತಿದ್ವಿ. ನಗಬ್ಯಾಡ್ರೆಪಾ, ಹಂಗೇ ಅಂತಿದ್ವಿ. ಅವತ್ತು ಅದರ ಉಚ್ಚಿ, ಈಗ ನಂದು ಬೀಳ್ತದಲ್ಲ, ಹಂಗ, ಹನಿ ಹನಿ. ನಡು ಹೊಳಿಯಾಗ ಮೋಟಾರು ಕಾದು ಹೊಗಿ ಬಂತು, ಬಂದ್ ಮಾಡಿ ಹುಟ್ಟು ಹಾಕಿ ದಂಡಿಗೆ ಬಂದೆ. ತೂತಿಗೆ ತಂತಿ ಹಾಕಿ ನೋಡಿದೆ. ಕೆಳಗ ನೀರು ಹೀರೂ ಜಾಳಗಿಯಾಗ ಸಿಕ್ಕಿದ್ದ ಹುಲ್ಲು ತಗದೆ, ಹುಲ್ಲಲ್ಲ, ಪಾಚಿ. ಊಹೂಂ. ಇದು ಮಲ್ಲಪ್ಪನ ಕಣ್ಣೇ ಅಂತ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದೆ, ಉಪ್ಪು ನಿವಾಳಿಸಿ ಒಗದೆ. ಮತ್ತ ಹನಿ ಹನಿ. ಊರ ಹಿರ್ಯಾರು ಅಂದ್ರು, "ಸೋಮವಾರ ಮಲ್ಲಪ್ಪನ ಕೈಲೆ ಬಿಚ್ಚಸ್ತೀವಿ. ನೀ ಕೆಡಿಸಿದ್ದಿ ಅಂತಾದ್ರ ಹಿಡಿಕಿ ಅವಂಗೇ ಕೊಡ್ತೀವಿ."

ಸೋಮವಾರ ಬಂದ. ಮೋಟಾರಿನ ಕೆಳಗಿನ ಭಾಗ ಬಿಚ್ಚಿದ. ಒಳಗ ನೀರೆತ್ತೂ ರಬ್ಬರಿನ ಫ್ಯಾನು ಇರ್ತದ, ಇಷ್ಟೇ ಇಷ್ಟು. ಅದರ ರೆಕ್ಕಿ ಸುಟ್ಟು ಕರಕ. ಒಂದೆರಡು ಮುರದು ಮ್ಯಾಲಿನ ಕೊಳವ್ಯಾಗ ಸಿಕ್ಕಿದ್ವು. ನೀರಿಲ್ಲದ ಓಡಿಸಿದ್ರ ಹಿಂಗ ಸುಡ್ತದ ಅಂತ ಅವಂಗ ಗೊತ್ತಿತ್ತು, ನಂಗ ಆವಾಗ ತಿಳೀತು. ಹಿರ್ಯಾರು ಕೇಳಿದ್ರು, "ಯಾಕ ಹಿಂಗಾತೋ ಮಲ್ಲಪ್ಪಾ?" ಅವ ನನ್ನ ಮಾರಿ ನೋಡಿದ. "ಹಳೇದಾಗಿತ್ರಿ. ರಬ್ಬರ್ ಅಲ್ಲೇನ್ರಿ, ಸವೀತದ. ಅಣ್ಣಂದೇನೂ ತಪ್ಪಿಲ್ರಿ."

ಹೈದ್ರಾಬಾದಿಂದ ಹೊಸಾದು ತರಿಸಿ ಕೂಡಿಸಿದ. ಚರ್ರ್ ಅಂತು. ಹಿಡಿಕಿ ನನ್ನ ಕೈಯಾಗೇ ಉಳೀತು. ಖುಷಿ ಆತೇನಂತೀರಿ? ಇಲ್ಲ! ಟ್ರ್ಯಾಕ್ಟರ್ ತಂದಾಗಿನಕಿಂತ ಜಾಸ್ತಿ ಉರೀತು. ಕೈ ಛಲೋ ಇತ್ತು, ಇರ್ಲಿ. ಗುಣಾನೂ ಛಲೋ ಇರಬೇಕೇನು ಅವಂದು? ಕೈ ತೊಳಕೊಂತ ಮೆಲ್ಲಕ ಕೇಳಿದ, "ಅಣ್ಣಾ, ಅವತ್ತು ಬಂದ್ ಮಾಡು, ಬಂದ್ ಮಾಡು ಅಂತ ಅಷ್ಟು ಒದರಿದೆ, ಕೇಳಸ್ಲಿಲ್ಲೇನು?" ಕೇಳಸ್ಲಿಲ್ಲೋ ತಮ್ಮಾ ಅಂದೆ. ಅದಕ್ಕ ಹೇಳ್ತೀನಿ, ನೀರಿಲ್ಲದ ಕಡಿ ಮೋಟಾರು ಚಾಲೂ ಮಾಡಬ್ಯಾಡ್ರಿ. ಮಂದಿಗೆ ಕೇಳಸ್ಲಿ ಅಂತ ಅಂತೂ ಮಾಡಲೇಬ್ಯಾಡ್ರಿ.